ಮರದ ಕೆಳಗೆ ಕಾಯುವ ಮೊಸಳೆ

ಆಸ್ಟ್ರೇಲಿಯಾದ ‘ಬ್ಲ್ಯಾಕ್ ವಾಟರ್’ (2007) ಸಿನಿಮಾದ ಬಹುಪಾಲು ಮರದ ಮೇಲೆಯೇ ನಡೆಯುತ್ತದೆ. ರಜೆಗೆಂದು ಬಂದ ಒಂದು ಜೋಡಿ ಮತ್ತು ಆ ಜೋಡಿಯಲ್ಲಿನ ಹೆಣ್ಣಿನ ತಂಗಿ ಮೀನು ಹಿಡಿಯಲು ಪುಟ್ಟ ದೋಣಿ ಹತ್ತಿ ಕಾಂಡ್ಲಾ ಕಾಡಿನೊಳಕ್ಕೆ ಹೋಗುತ್ತಾರೆ. ಮೊಸಳೆ ದೋಣಿಯನ್ನು ಮಗುಚುತ್ತದೆ. ಅವರನ್ನು ಕರೆದುಕೊಂಡು ಬಂದ ಮಾರ್ಗದರ್ಶಿ ಸಾಯುತ್ತಾನೆ, ಉಳಿದ ಮೂವರು ಕೈಗೆ ಸಿಕ್ಕ ಮರ ಹತ್ತುತ್ತಾರೆ. ಅಲ್ಲಿಂದಾಚೆಗೆ ಎಷ್ಟೋ ಹೊತ್ತು ಏನೂ ನಡೆಯುವುದಿಲ್ಲ. ಕೆಳಗೆ ಕಂದು ನೀರು ಸುಮ್ಮನೆ ನಿಂತಿರುತ್ತದೆ. ನಿರ್ದೇಶಕರಾದ ಆಂಡ್ರ್ಯೂ ಟ್ರೌಕಿ ಮತ್ತು ಡೇವಿಡ್ ನೆರ್ಲಿಕ್ ನಿಜವಾದ ಮೊಸಳೆಗಳನ್ನೇ ಚಿತ್ರೀಕರಿಸಿ ನಟರ ದೃಶ್ಯಗಳ ಜೊತೆ ಹೊಂದಿಸಿದರು. ಆ ಮೊಸಳೆ ತೆರೆಯ ಮೇಲೆ ಕಾಣಿಸುವುದು ಕೆಲವೇ ಕ್ಷಣ. ನೋಡುವವರ ಎದೆ ಹಿಂಡುವುದು ಅದು ಕಾಣದೇ ಇರುವ ಹೊತ್ತು.

ಈ ಕಥೆಯ ಹಿಂದೆ ನಿಜವಾದ ಒಂದು ಸಾವಿದೆ. 2003ರ ಡಿಸೆಂಬರಿನಲ್ಲಿ, ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ಫಿನಿಸ್ ನದಿಯಲ್ಲಿ ಕೆಸರು ತೊಳೆದುಕೊಳ್ಳಲು ಇಳಿದ ಮೂವರು ಗೆಳೆಯರಲ್ಲಿ ಒಬ್ಬನನ್ನು ಉಪ್ಪುನೀರಿನ ಮೊಸಳೆ ಎಳೆದೊಯ್ದಿತು. ಉಳಿದಿಬ್ಬರು ಮರವೇರಿ ಸುಮಾರು 22 ಗಂಟೆ ಕಳೆದರು. ಇಡೀ ರಾತ್ರಿ ಅದರಲ್ಲೇ ಹೋಯಿತು. ಮೊಸಳೆ ಕೆಳಗೇ ಸುಳಿದಾಡುತ್ತಿತ್ತು. ಕೊನೆಗೆ ಅವರನ್ನು ಹೆಲಿಕಾಪ್ಟರ್ ಬಂದು ಎತ್ತಿಕೊಂಡಿತು.

ಬೆನ್ನಿಗೆ ಬಿದ್ದ ಪ್ರಾಣಿಗೆ ದ್ವೇಷ ತುಂಬುವುದು ಭಯಾನಕ ಸಿನಿಮಾಗಳ ಹಳೆಯ ಅಭ್ಯಾಸ. ಮೊಸಳೆಯ ವಿಷಯದಲ್ಲಿ ಅದು ಬೇಕಾಗಿಯೇ ಇಲ್ಲ, ಅದರ ಮೈಯ ಲೆಕ್ಕಾಚಾರವೇ ಸಾಕು. ನಾವು ಸಸ್ತನಿಗಳು ತಿಂದದ್ದರಲ್ಲಿ ದೊಡ್ಡ ಪಾಲು ಮೈ ಬೆಚ್ಚಗಿಡುವುದಕ್ಕೇ ಹೋಗುತ್ತದೆ. ಸುಮ್ಮನೆ ಕೂತರೂ ಎಂಜಿನ್ ಚಾಲೂ ಇರುವ ಲಾರಿಯ ಹಾಗೆ ಇಂಧನ ಉರಿಯುತ್ತಲೇ ಇರುತ್ತದೆ. ಮೊಸಳೆ ಬಿಸಿಯನ್ನು ಬಿಸಿಲಿನಿಂದ ಪಡೆಯುತ್ತದೆ. ಅಷ್ಟೇ ತೂಕದ ಸಸ್ತನಿಗೆ ಬೇಕಾಗುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲಿನಲ್ಲಿ ಅದರ ದಿನ ಸಾಗುತ್ತದೆ. ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ನೀರಡಿ ನಿಶ್ಚಲವಾಗಿ ಮಲಗಿದಾಗ ಅದರ ಎದೆಬಡಿತ ನಿಮಿಷಕ್ಕೆ ಎರಡು ಮೂರಕ್ಕೆ ಇಳಿಯಬಹುದು. ಆಗ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದಲ್ಲಿ ಒಂದಷ್ಟನ್ನು ಹೃದಯವೇ ಬೇರೆಡೆಗೆ ತಿರುಗಿಸಬಲ್ಲದು. ಮರದ ಮೇಲಿನವರಿಗೋ ಮೊದಲ ದಿನವೇ ಬಾಯಾರಿಕೆ, ಎರಡನೆಯ ರಾತ್ರಿಗೆ ತೂಕಡಿಕೆ. ಹಿಡಿತ ಒಮ್ಮೆ ಸಡಿಲಿದರೆ ಮುಗಿಯಿತು.

ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೊಸಳೆಯ ನೆಗೆತ ಭಯಂಕರ, ಆದರೆ ಅಲ್ಪಾಯುಷಿ. ಆ ಬಲವೆಲ್ಲ ಆಮ್ಲಜನಕದ ನೆರವಿಲ್ಲದೆ ದುಡಿಯುವ ಸ್ನಾಯುಗಳದ್ದು. ನಿಮಿಷಗಳಲ್ಲೇ ಮೈತುಂಬ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ, ಅದು ಇಳಿಯಲು ಗಂಟೆಗಳೇ ಬೇಕು. ಹಿಡಿಯುವಾಗ ವಿಪರೀತ ಸೆಣಸಿದ ದೊಡ್ಡ ಮೊಸಳೆಗಳು ಈ ಆಮ್ಲದಿಂದಲೇ ಸತ್ತದ್ದುಂಟು. ಗುರಿ ತಪ್ಪಿದ ನೆಗೆತಕ್ಕೆ ಇಷ್ಟು ಬೆಲೆ ತೆರಬೇಕಾದ ಪ್ರಾಣಿ, ಬೇಟೆ ತೀರಾ ಹತ್ತಿರ ಬರುವವರೆಗೆ ಕಾಯದೆ ಇನ್ನೇನು ಮಾಡೀತು? ಗಜೇಂದ್ರ ಮೋಕ್ಷದ ಕಥೆಯಲ್ಲಿ ಸಾವಿರ ವರ್ಷದ ಸೆಣಸಾಟದಲ್ಲಿ ಆನೆ ಸೊರಗುತ್ತ ಹೋಗುತ್ತದೆ, ನೀರೇ ನೆಲೆಯಾದ ಮೊಸಳೆ ಬಲಿಯುತ್ತದೆ. ಎಳೆದಾಟವೊಂದನ್ನೇ ನೋಡಿದರೆ ಮೊದಲು ದಣಿಯಬೇಕಾದದ್ದು ಮೊಸಳೆ. ಉಪವಾಸದ ಪಂದ್ಯ ಎಂದುಕೊಂಡರೆ ಪುರಾಣದ ಮಾತು ಸರಿಯಾಗಿಯೇ ಇದೆ.

ಕತ್ತಲಲ್ಲಿ ಅದಕ್ಕೆ ನಮ್ಮ ಸುಳಿವು ಸಿಗುವುದಾದರೂ ಹೇಗೆ? ಮೊಸಳೆಯ ದವಡೆಯ ಚರ್ಮದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಗುಬುಟುಗಳಿವೆ. ಡಾಫ್ನೆ ಸೊರೆಸ್ ಎಂಬ ವಿಜ್ಞಾನಿ ಮೊಸಳೆಯ ಹತ್ತಿರದ ಬಂಧು ಅಲಿಗೇಟರ್‌ಗಳನ್ನು ಕತ್ತಲಲ್ಲಿ ಅರೆಮುಳುಗಿಸಿಟ್ಟು, ನೀರಿಗೆ ಒಂದೇ ಒಂದು ಹನಿ ಬೀಳಿಸಿದರು. ಅವು ಹನಿ ಬಿದ್ದ ಕಡೆಗೇ ತಿರುಗಿದವು. ಗುಬುಟುಗಳನ್ನು ಮುಚ್ಚಿದಾಗ ತಿರುಗಲಿಲ್ಲ. 2002ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು, ಮರದಿಂದ ನೀರಿಗೆ ಮೆಲ್ಲಗೆ ಕಾಲಿಳಿಸುವ ಸಿನಿಮಾದ ಪಾತ್ರಗಳು. ಒಂದು ಹನಿಯೇ ಸುಳಿವಾಗುವ ಕಡೆ ಮನುಷ್ಯನ ಕಾಲು ಎಷ್ಟು ದೊಡ್ಡ ಸದ್ದು! ಆಮೇಲಿನದು ದವಡೆಯ ಕೆಲಸ. 2012ರಲ್ಲಿ ಗ್ರೆಗರಿ ಎರಿಕ್ಸನ್ ಅವರ ತಂಡ ಉಪ್ಪುನೀರಿನ ಮೊಸಳೆಯ ಕಡಿತವನ್ನು 16,414 ನ್ಯೂಟನ್ ಎಂದು ದಾಖಲಿಸಿತು. ಬಾಯಿ ತೆರೆಯುವ ಸ್ನಾಯುಗಳು ಮಾತ್ರ ಎಷ್ಟು ದುರ್ಬಲವೆಂದರೆ, ಹಿಡಿದ ಮೊಸಳೆಯ ಮೂತಿಯನ್ನು ಅಂಟುಪಟ್ಟಿ ಸುತ್ತಿ ಮುಚ್ಚಿಡುತ್ತಾರೆ.

ಸಿನಿಮಾ ಜಾರುವುದು ಒಬ್ಬರಾದ ಮೇಲೆ ಒಬ್ಬರನ್ನು ಮೊಸಳೆಯ ಬಾಯಿಗೆ ಕೊಡುವಲ್ಲಿ. ಒಂದು ದೊಡ್ಡ ಬೇಟೆ ದಕ್ಕಿದರೆ ವಾರಗಟ್ಟಲೆ ಸಾಕಾಗುವ ಪ್ರಾಣಿ ಅದು. ಅಟ್ಟಿ ಬರುವುದೆಲ್ಲ ಹಸಿವಿನಿಂದಲೇ ಎಂದೂ ಹೇಳಲಾಗದು. ಇದೇ ಫಿನಿಸ್ ನದಿಯಲ್ಲಿ 1970ರ ದಶಕದಲ್ಲಿ ‘ಸ್ವೀಟ್‌ಹಾರ್ಟ್’ ಎಂದು ಜನ ಕರೆಯುತ್ತಿದ್ದ 5.1 ಮೀಟರ್ ಉದ್ದದ ಗಂಡು ಮೊಸಳೆ ಮೀನುಗಾರರ ದೋಣಿಗಳ ಮೇಲೆ ಮತ್ತೆ ಮತ್ತೆ ಎರಗುತ್ತಿತ್ತು. ಅದು ಕಚ್ಚಿದ್ದು ದೋಣಿಯನ್ನು, ದೋಣಿಯ ಮೋಟಾರನ್ನು. ಮೋಟಾರಿನ ಗುಡುಗು ಇನ್ನೊಂದು ಗಂಡಿನ ಸವಾಲಿನಂತೆ ಅದಕ್ಕೆ ಕೇಳಿಸಿರಬೇಕು ಎಂಬುದು ಬಲ್ಲವರ ಊಹೆ. ಮನುಷ್ಯರ ಜೀವವನ್ನು ಅದು ತೆಗೆಯಲಿಲ್ಲ. 1979ರಲ್ಲಿ ಬೇರೆಡೆಗೆ ಸಾಗಿಸಲೆಂದು ಮಂಪರು ಮದ್ದು ಕೊಟ್ಟು ಹಿಡಿದಾಗ ನೀರಿನಲ್ಲಿ ಮುಳುಗಿ ಸತ್ತಿತು. ಅದರ ದೇಹ ಈಗ ಡಾರ್ವಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ನದಿಯಿಡೀ ತನ್ನದೆಂದು ಕಾದವನಿಗೆ ಇಂಥ ಸಾವು ಬರಬಾರದಿತ್ತು ಎಂದು ನನಗೆ ಅನಿಸುತ್ತದೆ.

ಚರ್ಮಕ್ಕಾಗಿ ನಡೆದ ಬೇಟೆಯಿಂದ ನಾರ್ದರ್ನ್ ಟೆರಿಟರಿಯಲ್ಲಿ 1971ರ ಹೊತ್ತಿಗೆ ಉಳಿದಿದ್ದವು ಸುಮಾರು 3,000 ಉಪ್ಪುನೀರಿನ ಮೊಸಳೆ. ಆ ವರ್ಷ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಸಂಖ್ಯೆ ಒಂದು ಲಕ್ಷದ ಆಸುಪಾಸಿನಲ್ಲಿದೆ. ಬೇಟೆಯ ಕಾಲದಲ್ಲಿ ನಿರ್ಭಯವಾಗಿ ಈಜುತ್ತಿದ್ದ ಎಷ್ಟೋ ಜಾಗಗಳಲ್ಲಿ ಇಂದು ಕಾಲಿಡುವ ಹಾಗಿಲ್ಲ. ಸಂರಕ್ಷಣೆಯನ್ನು ಮನಸಾರೆ ಬಯಸುವವರು ಈ ಬೆಲೆಯನ್ನೂ ಬಾಯಿಬಿಟ್ಟು ಹೇಳಬೇಕು, ಅದನ್ನು ತೆರುವವರು ನದಿದಂಡೆಯ ಜನ.

ಇದೇ ಜಾತಿಯ ಮೊಸಳೆ ನಮ್ಮ ದೇಶದಲ್ಲಿ ಒಡಿಶಾದ ಭಿತರಕನಿಕಾ, ಸುಂದರಬನ ಮತ್ತು ಅಂಡಮಾನ್‌ಗಳಲ್ಲಿದೆ. ರಂಗನತಿಟ್ಟಿನಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ನಾವು ಕಾಣುವುದು ಸಿಹಿನೀರಿನ ಮಗ್ಗರ್ ಮೊಸಳೆ. ಗಾತ್ರದಲ್ಲಿ ಅದು ಚಿಕ್ಕದು, ಆದರೂ ಮನುಷ್ಯರ ಮೇಲೆ ಎರಗಬಲ್ಲದು. ಹೊಂಚುವ ಕ್ರಮ ಎರಡರದ್ದೂ ಒಂದೇ. ದಿನವೂ ಒಂದೇ ಹೊತ್ತಿಗೆ ಒಂದೇ ಕಡೆ ನೀರಿಗೆ ಇಳಿಯುವವರನ್ನು ಅವು ಗಮನಿಸಿಟ್ಟುಕೊಳ್ಳುತ್ತವೆ. ಅದಕ್ಕೇ ಆಸ್ಟ್ರೇಲಿಯಾದಲ್ಲಿ ನದಿಯ ಬಳಿ ಬಿಡಾರ ಹೂಡುವವರಿಗೆ ಕೊಡುವ ಸೂಚನೆ ಹೀಗಿದೆ: ನೀರು ತರುವ ಜಾಗವನ್ನು ಬದಲಿಸುತ್ತಿರಿ, ಮೀನು ಹೆಚ್ಚಿದ ಕಸವನ್ನು ದಡದಲ್ಲಿ ಬಿಡಬೇಡಿ, ಬಿಡಾರ ನೀರಿನಿಂದ ದೂರವಿರಲಿ. ಭಿತರಕನಿಕಾದ ಹಳ್ಳಿಗಳಲ್ಲಿ ಅರಣ್ಯ ಇಲಾಖೆ ಸ್ನಾನಘಟ್ಟಗಳಿಗೆ ನೀರಿನೊಳಗೇ ಬೇಲಿ ಕಟ್ಟಿದೆ. ಅಲ್ಲಿನ ಹೆಂಗಸರು ಪಾತ್ರೆ ತೊಳೆಯುವುದು ಆ ಬೇಲಿಯ ಒಳಬದಿಯಲ್ಲಿ.