ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬಿದರೆ ಲಾಭ ಉಂಟಾ?

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಹೊಸತಲ್ಲ. ಮಂಗ ಬೊಂಡ ಉದುರಿಸುತ್ತದೆ, ಹಂದಿ ಬಾಳೆಯ ಬುಡ ಅಗೆಯುತ್ತದೆ, ನವಿಲು ತರಕಾರಿ ಸಾಲಿಗೆ ಇಳಿಯುತ್ತದೆ. ಗಾಳಿಗೆ ಒಂದು ಈಡು ಹಾರಿಸಿದರೆ ಸ್ವಲ್ಪ ಹೊತ್ತು ನೆಮ್ಮದಿ. ಆದರೆ ತೋಟೆ ದುಬಾರಿ. ಹಾಗಾಗಿ ಕೆಲವು ಯುವಕರು ನನ್ನಲ್ಲಿ ಕೇಳುತ್ತಾರೆ: "ಅಣ್ಣಾ, ಯೂಟ್ಯೂಬಲ್ಲಿ ಅಮೆರಿಕದವರು ಖಾಲಿ ತೋಟೆಗೆ ಮನೆಯಲ್ಲೇ ಮತ್ತೆ ಮದ್ದು ತುಂಬ್ತಾರಲ್ಲ, ಅದು ನಮಗೆ ಗಿಟ್ಟುತ್ತದಾ?"

ಗಿಟ್ಟುವುದಿಲ್ಲ. ಕಾನೂನು ಪಕ್ಕಕ್ಕಿಟ್ಟು ಬರೀ ಲೆಕ್ಕ ಹಾಕಿದರೂ ಗಿಟ್ಟುವುದಿಲ್ಲ. ಯಾಕೆ ಅಂತ ನೋಡೋಣ.

ಉಳಿಯುವುದು ಯಾವ ಭಾಗ?

ಒಂದು ತೋಟೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗ: ಹೊರಗಿನ ಕವಚ, ಕಿಡಿ ಹುಟ್ಟಿಸುವ ಕೇಪು, ಮದ್ದು, ಗುಂಡು ಅಥವಾ ಚರೆ. ಈಡು ಹೊಡೆದ ಮೇಲೆ ಕೈಯಲ್ಲಿ ಉಳಿಯುವುದು ಕವಚ ಮಾತ್ರ. ಉಳಿದ ಮೂರನ್ನೂ ಮತ್ತೆ ಕೊಳ್ಳಬೇಕು.

ರೈಫಲ್ ತೋಟೆಯ ಕವಚ ಹಿತ್ತಾಳೆಯದ್ದು. ಇಡೀ ತೋಟೆಯಲ್ಲಿ ಬೆಲೆಬಾಳುವುದೇ ಅದು, ಹಲವು ಸಲ ಬಳಸಲೂ ಆಗುತ್ತದೆ. ಅಮೆರಿಕದವರಿಗೆ ಉಳಿತಾಯ ಆಗುವುದು ಅಲ್ಲಿ. ನಮ್ಮಲ್ಲಿ ಹೆಚ್ಚಾಗಿ ಇರುವುದು ರೈಫಲ್ ಅಲ್ಲ, 12 ಬೋರಿನ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ಕೋವಿ. ಅದರ ತೋಟೆಯ ಕವಚ ಪ್ಲಾಸ್ಟಿಕ್ ಅಥವಾ ಕಾಗದದ್ದು. ಅಂದರೆ ಅಗ್ಗದ ಭಾಗವನ್ನು ಉಳಿಸಿಕೊಂಡು, ದುಬಾರಿ ಭಾಗಗಳನ್ನು ಮತ್ತೆ ಕೊಂಡ ಹಾಗೆ.

ಅಲ್ಲಿಯವರು ಇದನ್ನು ಮಾಡಲು ಇನ್ನೊಂದು ಕಾರಣ ಗುರಿ. ತಮ್ಮ ರೈಫಲ್ಲಿಗೆ ಹೊಂದುವ ಹಾಗೆ ಅಳೆದು ತುಂಬಿದರೆ ಗುರಿ ಇನ್ನಷ್ಟು ನಿಖರವಾಗುತ್ತದೆ. ಮಂಗ ಓಡಿಸಲು ನಮಗೆ ಬೇಕಾದ್ದು ಶಬ್ದ, ಗುರಿ ಅಲ್ಲ.

ವರ್ಷಕ್ಕೆ ಎಷ್ಟು ಈಡು?

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಿ. ಒಂದು ಈಡಿಗೆ 50 ರೂಪಾಯಿ ಉಳಿಯಿತು, ಯಂತ್ರ, ತಕ್ಕಡಿ ಎಲ್ಲ ಸೇರಿ 30,000 ರೂಪಾಯಿ ಖರ್ಚಾಯಿತು ಅನ್ನಿ.

- ವರ್ಷಕ್ಕೆ 40 ಈಡು ಹೊಡೆಯುವ ಕೃಷಿಕನಿಗೆ ಉಳಿಯುವುದು 2,000 ರೂಪಾಯಿ. ಹಾಕಿದ ದುಡ್ಡು ಹುಟ್ಟಲು 15 ವರ್ಷ.
- ವರ್ಷಕ್ಕೆ 5,000 ಈಡು ಹೊಡೆಯುವ ಶೂಟಿಂಗ್ ಸ್ಪರ್ಧಿಗೆ ಉಳಿಯುವುದು ಎರಡೂವರೆ ಲಕ್ಷ. ಎರಡು ತಿಂಗಳಲ್ಲಿ ಬಂಡವಾಳ ವಾಪಸ್.

ನಿಮ್ಮ ಸ್ವಂತ ಅಂಕಿ ಹಾಕಿ ನೋಡಿ. ದಿನಕ್ಕೆ ಒಂದು ಗಿಡ ನೆಡುವವನು ಗುಂಡಿ ತೋಡುವ ಯಂತ್ರ ಕೊಂಡರೆ ಹೇಗೋ, ಇದೂ ಹಾಗೆಯೇ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ಇಟ್ಟುಕೊಳ್ಳುವ ಪರವಾನಗಿಯೇ ಬೇರೆ, ಮದ್ದುಗುಂಡು ತಯಾರಿಸುವ ಪರವಾನಗಿಯೇ ಬೇರೆ. ಬೆಳೆ ರಕ್ಷಣೆಯ ಪುಸ್ತಕದಿಂದ ಎರಡನೆಯದು ಸಿಗುವುದಿಲ್ಲ. ತೋಟೆಯ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರ ಕೂಡ ಕಾಯ್ದೆಯ ಪ್ರಕಾರ 'ಮದ್ದುಗುಂಡು' ಎಂಬ ಪದದೊಳಗೇ ಬರುತ್ತವೆ. ಪರವಾನಗಿ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಶಿಕ್ಷೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಎರಡು ಸಾವಿರ ಉಳಿಸಲು ಹೋಗಿ ತೋಟ, ಮನೆ, ಕೋವಿ ಎಲ್ಲ ಬಿಟ್ಟು ಕೋರ್ಟು ಅಲೆಯುವ ಕೆಲಸ ಅದು.

ಪಕ್ಕದ ಕೊಡಗಿನ ಕಥೆ ಕೇಳಿ ಮೋಸ ಹೋಗಬೇಡಿ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಉಂಟು. ಸಂಪಾಜೆ ಗೇಟಿನ ಈಚೆ ಇರುವ ಸುಳ್ಯದ ಕೃಷಿಕರಿಗೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ಕೇಪಿನ ಕೋವಿ?

ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಬೇರೆ ವಿಷಯ. ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಮೊದಲು ಹೇಳುವುದೇ ಇದನ್ನು. ಇದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೆಳೆ ರಕ್ಷಣೆಗೆ ತೋಟೆ ಕೋವಿ. ಪರವಾನಗಿಯಲ್ಲಿ ನಮೂದಿಸಿದಷ್ಟು ಮದ್ದು, ಕೇಪು ಅಧಿಕೃತ ಅಂಗಡಿಯಿಂದ ತಂದು ಬಳಸಬಹುದು. ಈಡಿನ ಖರ್ಚು ಕಡಿಮೆ.

ಆದರೆ ನಮ್ಮ ಮಳೆಗಾಲದಲ್ಲಿ ಕರಿಮದ್ದು ತೇವ ಹೀರುತ್ತದೆ, ಕೇಪು ಕೈಕೊಡುತ್ತದೆ. ಸುಟ್ಟ ಮದ್ದಿನ ಮಸಿ ನಳಿಗೆಯನ್ನು ತಿನ್ನುತ್ತದೆ, ಹಾಗಾಗಿ ಅದೇ ದಿನ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಎಲ್ಲಕ್ಕಿಂತ ಅಪಾಯ ಅಂದರೆ, ಮದ್ದು ತುಂಬಿಸಿ ಹಾಗೆಯೇ ಗೋಡೆಗೆ ನೇತುಹಾಕುವ ಅಭ್ಯಾಸ. ಮಕ್ಕಳಿರುವ ಮನೆಯಲ್ಲಿ ಇದನ್ನು ಇವತ್ತೇ ನಿಲ್ಲಿಸಿ.

ನಿಜವಾದ ಉಳಿತಾಯ ಎಲ್ಲಿ?

1. ತೋಟೆ ಹಾಳಾಗದಂತೆ ನೋಡಿಕೊಳ್ಳಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಡಬ್ಬಿಗೆ ಬೀಗ. ಹಳೆಯದನ್ನು ಮೊದಲು ಬಳಸಿ. ಒದ್ದೆಯಾದ ತೋಟೆಯನ್ನು ಬಿಸಿಲಿಗೋ ಒಲೆ ಬದಿಗೋ ಇಡಬೇಡಿ. ಉಬ್ಬಿದ್ದನ್ನು ನಳಿಗೆಗೆ ತುರುಕಬೇಡಿ.
2. ಕುದುರೆ ಎಳೆದರೂ ಈಡು ಹಾರದಿದ್ದರೆ ಕೂಡಲೇ ಕೋವಿ ಮಡಚಬೇಡಿ. ತಡವಾಗಿ ಸಿಡಿಯಬಹುದು. ನಳಿಗೆಯನ್ನು ಜನ, ಮನೆ ಇಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಕಾಯಿರಿ.
3. ದಿನಾ ಅದೇ ಹೊತ್ತಿಗೆ, ಅದೇ ಜಾಗದಿಂದ ಹಾರಿಸಿದರೆ ಮಂಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಡಬ್ಬ ಬಡಿಯುವುದು, ನಾಯಿ, ಜನರ ಓಡಾಟ ಎಲ್ಲವನ್ನೂ ಬದಲಿಸುತ್ತಾ ಇರಿ. ಈಡು ಕೊನೆಯ ಅಸ್ತ್ರವಾಗಿರಲಿ.
4. ಹಂದಿಗೆ ಸೌರಬೇಲಿಗೆ ದುಡ್ಡು ಹಾಕಿ. ನೀವು ಮಲಗಿದಾಗಲೂ, ಚುನಾವಣೆ ಅಂತ ಕೋವಿ ಠಾಣೆಯಲ್ಲಿ ಠೇವಣಿ ಇದ್ದಾಗಲೂ ಬೇಲಿ ಕೆಲಸ ಮಾಡುತ್ತದೆ. ಮನೆಯ ಲೈನಿನಿಂದ ನೇರ ಕರೆಂಟು ಕೊಡುವುದು ಮಾತ್ರ ಬೇಡವೇ ಬೇಡ. ಅದು ಮನುಷ್ಯರನ್ನೂ ಕೊಲ್ಲುತ್ತದೆ.

ಒಂದು ಮಾತು ನೆನಪಿರಲಿ: ಕೋವಿಗೆ ಪರವಾನಗಿ ಇದೆ ಅಂದರೆ ಬೇಟೆಗೆ ಪರವಾನಗಿ ಇದೆ ಅಂತಲ್ಲ. ಮಂಗ, ನವಿಲು, ಹಂದಿ, ಆನೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತವೆ.

ಈ ವಾರ ಇಷ್ಟು ಮಾಡಿ. ಪರವಾನಗಿ ಪುಸ್ತಕ ತೆರೆದು, ನವೀಕರಣದ ದಿನಾಂಕ ಮತ್ತು ವರ್ಷಕ್ಕೆ ಎಷ್ಟು ತೋಟೆ ಅಂತ ನೋಡಿ ಮೊಬೈಲಲ್ಲಿ ಬರೆದಿಡಿ. ಕಳೆದ ವರ್ಷ ಎಷ್ಟು ಈಡು ಹೊಡೆದಿರಿ ಅಂತ ಲೆಕ್ಕ ಹಾಕಿ. ಆ ಅಂಕಿ ಕಂಡ ಮೇಲೆ ಮದ್ದು ತುಂಬುವ ಯಂತ್ರದ ಆಸೆ ತಾನಾಗಿ ಇಳಿಯುತ್ತದೆ. ಸಂಶಯ ಇದ್ದರೆ ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಳಿ, ವಿಡಿಯೊ ನೋಡಿ ನಿರ್ಧಾರ ಮಾಡಬೇಡಿ.