ದೋಣಿಯ ತಳಕ್ಕೆ ಮೇಣವೆ, ಮರಳುಕಾಗದವೆ?

ಮಹದಾಯಿ ಎಂಬ ಹೆಸರನ್ನು ನರಗುಂದ, ರೋಣ, ಗಜೇಂದ್ರಗಡದ ಸೀಮೆಯವರಿಗೆ ಯಾರೂ ಪರಿಚಯಿಸಿಕೊಡಬೇಕಾದುದಿಲ್ಲ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಯತ್ತ ಇಳಿದುಹೋಗುವ ಆ ನದಿಯ ಒಂದು ಪಾಲನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರ ಜುಲೈಯಲ್ಲಿ ನರಗುಂದದಲ್ಲಿ ಮೊದಲಾದ ರೈತರ ಧರಣಿಯು ವರ್ಷಗಟ್ಟಲೆ ನಡೆದುದನ್ನೂ, 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿದುದನ್ನೂ ಬಾಯಿಪಾಠವಾಗಿ ಬಲ್ಲ ಈ ನಾಡಿನ ಜನರು, ಅದೇ ನದಿಯ ಹೆಸರನ್ನು ಹೊತ್ತು ಭೂಮಂಡಲವನ್ನು ಸುತ್ತಿಬಂದ ಹಾಯಿದೋಣಿಯೊಂದುಂಟೆಂಬುದನ್ನು ಅಷ್ಟಾಗಿ ಕೇಳಿರಲಾರರು.

ಅದು ಭಾರತೀಯ ನೌಕಾದಳದ ‘ಮ್ಹಾದೇಯಿ’. ಗೋವೆಯಲ್ಲಿ ಮಾಂಡವಿ ಎನಿಸುವ ಅದೇ ನದಿಯ ನಡುಗಡ್ಡೆಯಾದ ದಿವಾಡಿಯ ಕಾರ್ಖಾನೆಯೊಂದರಲ್ಲಿ, ಮರದ ಪಟ್ಟಿಗಳ ಮೇಲೆ ಗಾಜಿನ ನಾರನ್ನು ಹೊದಿಸಿ ಕಟ್ಟಿದ 56 ಅಡಿ ಉದ್ದದ ಈ ದೋಣಿಯು 2009ರ ಫೆಬ್ರುವರಿಯಲ್ಲಿ ದಳವನ್ನು ಸೇರಿತು. ಇದರಲ್ಲಿ ದಿಲೀಪ್ ದೊಂದೆಯವರು 2009-10ರಲ್ಲಿ ಒಬ್ಬರೇ ಜಗತ್ಪ್ರದಕ್ಷಿಣೆ ಮಾಡಿದರು. ಅಭಿಲಾಷ್ ಟಾಮಿಯವರು 2012-13ರಲ್ಲಿ ಯಾವ ರೇವನ್ನೂ ಮುಟ್ಟದೆ ಅದನ್ನೇ ಸಾಧಿಸಿದರು. ಕೇಪ್‌ಟೌನಿನಿಂದ ರಿಯೋವರೆಗಿನ ಸಾಗರ ಪಂದ್ಯದಲ್ಲಿಯೂ ಇದು ಪಾಲ್ಗೊಂಡಿತು. ಪಂದ್ಯವೆಂದೊಡನೆ ಏಳುವ ಪ್ರಶ್ನೆ ವೇಗದ್ದು; ವೇಗವೆಂದೊಡನೆ ನಾವಿಕರ ಕಣ್ಣು ಹಾಯಿಯ ಕಡೆಗೆ ಹೋಗುವಷ್ಟೇ ನೀರಿನೊಳಗೆ ಅಡಗಿರುವ ತಳದ ಕಡೆಗೂ ಹೋಗುತ್ತದೆ. ಆ ತಳವನ್ನು ಮೇಣ ತಿಕ್ಕಿ ಮಿರುಗಿಸಬೇಕೆ, ಮರಳುಕಾಗದದಿಂದ ಉಜ್ಜಿ ಬಿಡಬೇಕೆ ಎಂಬ ಜಗಳ ಅವರಲ್ಲಿ ಬಹಳ ಹಳೆಯದು.

ಬಯಲುಸೀಮೆಯ ನಮಗಾದರೋ ದೋಣಿಯೆಂದರೆ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಿಸನು ಈ ತೊಗಲು ಹೊದಿಸಿದ ಬುಟ್ಟಿಗಳನ್ನು ಕಂಡು, ಇವು ನೆಟ್ಟಗೆ ಹೋಗಲಾರದೆ ಸದಾ ಗಿರಕಿ ಹೊಡೆಯುತ್ತವೆಂದು ಬರೆದಿಟ್ಟಿದ್ದಾನೆ. ಗಿರಕಿ ಹೊಡೆಯುವುದಕ್ಕೆ ತಳದ ನುಣುಪೇನೂ ಬೇಕಿಲ್ಲ. ಆದುದರಿಂದ ಈ ಜಗಳವನ್ನು ಕೇಳಿದ ನಮ್ಮವನೊಬ್ಬನು ಚಕ್ಕಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ನೆನೆದು, ಮೇಣವೇ ಮೇಲೆಂದು ಥಟ್ಟನೆ ತೀರ್ಪು ಕೊಟ್ಟಾನು. ಹೋಲಿಕೆ ಚೆನ್ನಾಗಿದೆ, ಹೊಂದುವುದಿಲ್ಲ. ಕೀಲೆಣ್ಣೆಯು ಎರಡು ಗಟ್ಟಿ ವಸ್ತುಗಳ ನಡುವೆ ನಿಂತು ಅವು ಒಂದನ್ನೊಂದು ಮುಟ್ಟದಂತೆ ಕಾಯುತ್ತದೆ. ದೋಣಿಯ ತಳವಾದರೋ ನೀರಿನ ಮೇಲೆ ಜಾರುವುದೇ ಇಲ್ಲ. ಅದನ್ನು ಮುಟ್ಟಿದ ನೀರಿನ ಕಣ ಅದಕ್ಕೇ ಅಂಟಿಕೊಂಡು ಅದರೊಡನೆಯೇ ಸಾಗುತ್ತದೆ, ಅದರ ಹೊರಗಿನ ಪದರ ತುಸು ಹಿಂದುಳಿಯುತ್ತದೆ, ಅದರಾಚೆಯದು ಇನ್ನೂ ಹಿಂದೆ. ತಳದ ಮೈಗೆ ತಗಲುವ ಎಳೆತವೆಲ್ಲ ನೀರಿನ ಈ ಪದರಗಳ ತಮ್ಮತಮ್ಮೊಳಗಿನ ತಿಕ್ಕಾಟದಿಂದ ಹುಟ್ಟತಕ್ಕದ್ದು. ಮೇಣದ ಮೇಲೆ ಹನಿಗಳು ಮುತ್ತುಗಟ್ಟಿ ಉರುಳುವುದು ಗಾಳಿಯಲ್ಲಿರುವ ಕಾರಿನ ಮುಚ್ಚಳಕ್ಕೆ ಶೋಭೆ. ಮುಳುಗಿದ ತಳಕ್ಕೆ ಅದರಿಂದ ಆಗುವುದೇನೂ ಇಲ್ಲ.

ಇದನ್ನು ಊಹೆಗೆ ಬಿಡದೆ ತೂಗಿ ನೋಡಿದವನು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್. ಟಾರ್ಕೀ ಊರಿನ ತನ್ನ ಮನೆಯ ಬಳಿ ಉದ್ದನೆಯ ಕೊಳವೊಂದನ್ನು ಕಟ್ಟಿಸಿ, 50 ಅಡಿಯವರೆಗಿನ ಹಲಗೆಗಳನ್ನು ನೀರಿನೊಳಗೆ ಎಳೆದು, ಒಂದಕ್ಕೆ ವಾರ್ನಿಶು, ಒಂದಕ್ಕೆ ಪ್ಯಾರಫಿನ್ ಮೇಣ, ಮತ್ತೊಂದಕ್ಕೆ ತವರದ ತಗಡು, ಬೇರೆಯವಕ್ಕೆ ಬಟ್ಟೆ, ನುಣ್ಣನೆಯ ಹಾಗೂ ಒರಟಾದ ಮರಳು ಹೀಗೆ ಹೊದಿಸಿ, ಪ್ರತಿಯೊಂದರ ಎಳೆತವನ್ನೂ ಅಳೆದು 1872 ಮತ್ತು 1874ರಲ್ಲಿ ವರದಿ ಮಾಡಿದನು. 20 ಅಡಿಯ ಹಲಗೆಯಲ್ಲಿ ವಾರ್ನಿಶಿಗೂ ಮೇಣಕ್ಕೂ ಕಂಡ ಅಂತರ ನೂರಕ್ಕೆ ಎರಡು ಮೂರರಷ್ಟು ಮಾತ್ರ. 50 ಅಡಿಯ ಹಲಗೆಗೆ ನುಣ್ಣನೆಯ ಮರಳನ್ನು ಅಂಟಿಸಿದಾಗಲೋ, ಎಳೆತ ವಾರ್ನಿಶಿನದಕ್ಕಿಂತ ಒಂದೂವರೆ ಪಟ್ಟನ್ನೂ ಮೀರಿತು. ಮೇಣದ ವಾದ ಅಂದೇ ಮುಗಿಯಬೇಕಾಗಿತ್ತು. ಡಬ್ಬಿಯಲ್ಲಿ ಮಾರುವ ವಸ್ತುವಿನ ಮೇಲಣ ಭಕ್ತಿ ಪ್ರಯೋಗಗಳಿಗೆ ಬಗ್ಗುವಂಥದಲ್ಲ.

ಹಾಗಾದರೆ ಎಷ್ಟು ನುಣುಪು ಸಾಕು? ತಳಕ್ಕೆ ಅಂಟಿದಂತೆ ಶಾಂತವಾಗಿ ಹರಿಯುವ ತೆಳುವಾದ ಪೊರೆಯೊಂದಿದೆ. ಉಬ್ಬುತಗ್ಗುಗಳು ಅದರೊಳಗೆ ಹುದುಗಿಹೋಗುವಷ್ಟು ಚಿಕ್ಕವಾದರೆ ನೀರಿಗೆ ಅವುಗಳ ಇರವೇ ತಿಳಿಯದು. ಹಾಯಿದೋಣಿಯ ಸಾಧಾರಣ ವೇಗದಲ್ಲಿ ಈ ಮಿತಿಯು ಕೂದಲೆಳೆಯ ದಪ್ಪದ ಅರ್ಧದ ಆಸುಪಾಸಿನಲ್ಲಿರುತ್ತದೆ. 400ರ ಮರಳುಕಾಗದ (ಅಂಕಿ ಏರಿದಷ್ಟೂ ಕಾಗದ ನುಣ್ಣನೆಯದು) ಉಳಿಸುವ ಗೀರು ಅದಕ್ಕಿಂತ ಎಷ್ಟೋ ಕಿರಿದು. ಅಲ್ಲಿಂದಾಚೆಗೆ 1000, 2000 ಎಂದು ಉಜ್ಜುತ್ತ ಹೋಗುವುದು ಯಜಮಾನನ ಮನಸ್ಸಮಾಧಾನಕ್ಕೆ.

ನಿಜವಾದ ಕುಶಲತೆ ಇರುವುದು ಗೀರಿನಲ್ಲಲ್ಲ, ಮೈಕಟ್ಟಿನಲ್ಲಿ. ಬಲ್ಲ ಕೆಲಸಗಾರನು ಬಾಗುವಂಥ ಉದ್ದನೆಯ ಹಲಗೆಗೆ ಕಾಗದವನ್ನು ಅಂಟಿಸಿ, ಎರಡು ಕೈಗಳಿಂದ ಹಿಡಿದು, ತಳದ ಮೇಲೆ ಓರೆಯಾಗಿ, ಮತ್ತೆ ಅದಕ್ಕೆ ಅಡ್ಡಲಾಗಿ ಎಳೆಯುತ್ತಾನೆ. ಅಂಗೈಯಗಲದ ತುಂಡಿನಿಂದ ಉಜ್ಜಿದರೆ ಕಾಗದವು ತಗ್ಗಿನೊಳಗೂ ಇಳಿದು ತಗ್ಗನ್ನು ತಗ್ಗಾಗಿಯೇ ಉಳಿಸುತ್ತದೆ. ಉದ್ದನೆಯದು ಉಬ್ಬನ್ನಷ್ಟೇ ಕೆರೆಯುತ್ತದೆ. ನೀರು ಚಿಮುಕಿಸಿ ಉಜ್ಜುವಾಗ ಬಣ್ಣ ಬೆರೆತ ಕೆಸರು ಮೊಳಕೈಯವರೆಗೆ ಇಳಿಯುತ್ತದೆ. ಅದನ್ನು ತೊಳೆದು, ಕಣ್ಣು ಮುಚ್ಚಿ ಬೆರಳ ತುದಿಯನ್ನು ಹಾಯಿಸಿ, ಮುಂಗೋಟಿನಲ್ಲಿಯೂ ಚುಕ್ಕಾಣಿಯ ಅಂಚಿನಲ್ಲಿಯೂ ಮತ್ತೆ ಮತ್ತೆ ತಡವಿ ನೋಡುತ್ತಾನೆ. ಇಲ್ಲಿ ಹರಿವು ಹೊಸದಾಗಿ ಮೊದಲಾಗುವುದರಿಂದ ಪೊರೆ ಅತಿ ತೆಳುವು, ದೋಷವು ಕೂಡಲೇ ಫಲ ಕೊಡುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಿಗೂ ಈ ನ್ಯಾಯ ಸಲ್ಲುವುದನ್ನು ಇಲ್ಲಿಯೇ ಹೇಳಬಹುದು: ರೆಕ್ಕೆಯ ಮುಂದಂಚಿಗೆ ಧೂಳೂ ಹುಳುಗಳೂ ಮೆತ್ತಿ ಒರಟಾದರೆ, ಅದೇ ಗಾಳಿಯಲ್ಲಿ ವಿದ್ಯುತ್ತು ಕಡಿಮೆಯಾಗುತ್ತದೆ.

ಆದರೆ ಕಡಲಿನಲ್ಲಿ ದೋಣಿಯ ಪರಮವೈರಿ ಜೀವಜಾತ. ಮೊದಲು ಲೋಳೆ, ಬಳಿಕ ಪಾಚಿ, ಆಮೇಲೆ ಸುಣ್ಣದ ಚಿಪ್ಪುಳ್ಳ ಬಾರ್ನಕಲ್. 2018ರ ಗೋಲ್ಡನ್ ಗ್ಲೋಬ್ ಎಂಬ ಒಂಟಿ ಜಗತ್ಪ್ರದಕ್ಷಿಣೆಯ ಪಂದ್ಯದಲ್ಲಿ (ಇದರಲ್ಲಿ ಟಾಮಿಯವರು ದಿವಾಡಿಯಲ್ಲಿಯೇ ಕಟ್ಟಿದ ‘ತುರೀಯ’ದೊಡನೆ ಹೊರಟು ಬಿರುಗಾಳಿಯಲ್ಲಿ ಬೆನ್ನುಮೂಳೆಗೆ ಪೆಟ್ಟು ತಿಂದರು) ಗೆದ್ದ ಫ್ರೆಂಚ್ ನಾವಿಕನು 212 ದಿನಗಳಲ್ಲಿ ಗುರಿ ಮುಟ್ಟಿದರೆ, ತಳವೆಲ್ಲ ಬಾರ್ನಕಲ್ ಕವಿದ ಫಿನ್‌ಲೆಂಡಿನ ತಾಪಿಯೊ ಲೆಹ್ಟಿನೆನ್ ಕೊನೆಯವನಾಗಿ ಬಂದುದು 322 ದಿನಗಳಿಗೆ. ಇದಕ್ಕೆ ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾದಳವು ಕಂಡುಕೊಂಡ ಮದ್ದು ತಾಮ್ರದ ತಗಡು. ಇಂದಿನದು ತಾಮ್ರದ ಭಸ್ಮವನ್ನು ಬೆರೆಸಿದ, ವಿಷವನ್ನು ಮೆಲ್ಲನೆ ನೀರಿಗೆ ಬಿಡುವ ಬಣ್ಣ. ಈ ಬಣ್ಣದ ಮೇಲೆ ಮೇಣ ತಿಕ್ಕಿದರೆ ವಿಷ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಅಂದರೆ ಮೇಣ ಇಲ್ಲಿ ನಿರರ್ಥಕ ಮಾತ್ರವಲ್ಲ, ಅನರ್ಥಕಾರಿ. ನೀರಿನ ಗೆರೆಯ ಮೇಲ್ಗಡೆ, ಬಿಸಿಲಿಗೆ ಮಾಸುವ ಮೈಗೆ, ಧಾರಾಳವಾಗಿ ಹಚ್ಚಲಿ.

ಗಾಳಿ ಮಂದವಾಗಿ ದೋಣಿ ತೆವಳುವ ಹೊತ್ತಿನಲ್ಲಿ ಪ್ರತಿರೋಧದ ಬಹುಭಾಗ ನೀರಿನ ಪದರಗಳ ಆ ತಿಕ್ಕಾಟದ್ದೇ. ಗಾಳಿ ಬಲಿತು ವೇಗವೇರಿದಂತೆ ದೋಣಿ ತಾನೇ ಎಬ್ಬಿಸುವ ಅಲೆಗಳ ಭಾರ ಮುಂದಾಗುತ್ತದೆ. ಹೀಗಾಗಿ ಮಂದಮಾರುತದ ಪಂದ್ಯದ ಮುಂಜಾನೆ ನೀರಿಗೆ ಧುಮುಕಿ ಮೆತ್ತನೆಯ ಬಟ್ಟೆಯಿಂದ ಲೋಳೆಯನ್ನು ಒರಸಿಬಂದವನಿಗೆ, ಹಿಂದಿನ ರಾತ್ರಿಯಿಡೀ ಮೇಣ ತಿಕ್ಕಿದವನಿಗಿಂತ ಲಾಭ ಹೆಚ್ಚು. ಇದಕ್ಕಿಂತ ಮುಂದೆ ಹೋಗಿ ನೀರನ್ನೇ ವಂಚಿಸುವ ಉಪಾಯಗಳೂ ಇಲ್ಲದಿಲ್ಲ: 1987ರ ಅಮೆರಿಕಾ ಕಪ್ಪನ್ನು ಗೆದ್ದ ‘ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್’ ದೋಣಿಯ ತಳಕ್ಕೆ ಅತಿ ಸೂಕ್ಷ್ಮವಾದ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿದ್ದರು. ಹರಿವನ್ನು ಉತ್ತಮಪಡಿಸಬಲ್ಲ ಅಂಥ ವಿಶೇಷ ಮೈಗಳನ್ನೂ, ತಳದಿಂದ ದ್ರವವನ್ನು ಹೊರಬಿಡುವುದನ್ನೂ ಹಾಯಿಪಂದ್ಯದ ನಿಯಮಾವಳಿಯ 53ನೆಯ ನಿಯಮವು ಈಗ ನಿಷೇಧಿಸುತ್ತದೆ. ಮರಳುಕಾಗದಕ್ಕೂ ಒದ್ದೆಬಟ್ಟೆಗೂ ಅದರ ಅಡ್ಡಿಯಿಲ್ಲ.