ಮನೆಯ ಕೋವಿಯೂ ಪೋಲೀಸಿನ ಕವಚರಥವೂ

1997ನೆಯ ಇಸವಿ ಫೆಬ್ರವರಿ 28ರಂದು ಅಮೆರಿಕಾದ ಲಾಸ್ ಏಂಜಲೀಸ್ ನಗರದ ಉತ್ತರ ಹಾಲಿವುಡ್ ಭಾಗದಲ್ಲಿ, ಮೈತುಂಬ ಕವಚ ತೊಟ್ಟ ಇಬ್ಬರು ಕಳ್ಳರು ಒಂದು ಬ್ಯಾಂಕನ್ನು ದೋಚಿ ಹೊರಬಿದ್ದರು. ಅವರ ಕೈಯಲ್ಲಿದ್ದುವು ಎಡೆಬಿಡದೆ ಗುಂಡು ಕಾರುವ ರೈಫಲುಗಳು. ಎದುರು ನಿಂತ ಪೋಲೀಸಿನವರಲ್ಲಿದ್ದುವು ಬಹುಮಟ್ಟಿಗೆ ಪಿಸ್ತೂಲುಗಳು. ಆ ಗುಂಡುಗಳು ಕವಚವನ್ನು ಭೇದಿಸಲಾರದೆ ಹೋಗಲು, ಕೆಲವರು ಪೋಲೀಸಿನವರು ಸಮೀಪದ ಕೋವಿಯಂಗಡಿಗೆ ಧಾವಿಸಿ ರೈಫಲುಗಳನ್ನು ಕೇಳಿ ತಂದರು. ಕಳ್ಳರಿಬ್ಬರೂ ಸತ್ತರು, ಪೋಲೀಸಿನವರೂ ದಾರಿಹೋಕರೂ ಹಲವರು ಗಾಯಗೊಂಡರು.

ಸರ್ಕಾರದ ಕೈಯಲ್ಲಿಲ್ಲದ ಆಯುಧವು ಪ್ರಜೆಗಳ ಅಂಗಡಿಯಲ್ಲಿ ದೊರೆಯುವಂಥ ದೇಶವದು. 2023ರಲ್ಲಿ ಪ್ಯೂ ಸಂಸ್ಥೆಯವರು ವಿಚಾರಿಸಿದಾಗ ವಯಸ್ಕರಲ್ಲಿ ನೂರಕ್ಕೆ 32 ಮಂದಿ ತಮ್ಮಲ್ಲಿ ಕೋವಿಯುಂಟೆಂದರು. ಅವರಲ್ಲಿ ನೂರಕ್ಕೆ 72 ಮಂದಿ ಆತ್ಮರಕ್ಷಣೆಯೇ ಅದಕ್ಕೆ ಮುಖ್ಯಕಾರಣವೆಂದರು. ನಮ್ಮ ಕೊಡಗಿನವರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು; 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಅಲ್ಲಿ ಕೋವಿಯು ಕೈಲ್‌ಪೊಳ್ದಿನ ದಿನ ಹೂವೇರಿಸಿಕೊಂಡು ಪೂಜೆಗೊಳ್ಳುವ ಕುಲದ ವಸ್ತು. ಅಮೆರಿಕನ್ನರ ಕೋವಿಯ ಹಿಂದೆ ಮತ್ತೊಂದು ನೆನಪಿದೆ. ಇಂಗ್ಲೆಂಡಿನ ದೊರೆಯ ದಂಡಿನೊಡನೆ ಹೋರಾಡಿ ಸ್ವತಂತ್ರರಾದವರು, ಸರ್ಕಾರದ ಸ್ಥಾಯೀಸೇನೆಗೆ ಅಂಜಿ 1791ರಲ್ಲಿ ರಾಜ್ಯಾಂಗದೊಳಗೇ ಪ್ರಜೆಯ ಆಯುಧಾಧಿಕಾರವನ್ನು ಬರೆದಿಟ್ಟರು. ರಾಜ್ಯಾಂಗವಾಗಲಿ ಶಾಸನಸಭೆಯಾಗಲಿ ಅನುಮತಿಸಿದ ಹೊರತು ಸೇನೆಯು ಪೋಲೀಸಿನ ಕೆಲಸಕ್ಕೆ ಬರಕೂಡದೆಂದು 1878ರಲ್ಲಿ ಕಾನೂನಾಯಿತು. ಸೇನೆಯು ಪೋಲೀಸಾಗಬಾರದೆಂದು ವಿಧಿಸಿದವರಿಗೆ, ಪೋಲೀಸೇ ಸೇನೆಯಾದೀತೆಂಬುದು ಹೊಳೆಯಲಿಲ್ಲವೆಂದು ತೋರುತ್ತದೆ.

ಆದದ್ದು ಅದೇ. ಮಾದಕವಸ್ತುಗಳ ನಿಗ್ರಹಕ್ಕೆಂದು 1990ರಲ್ಲಿ ಸೇನೆಯ ಹೆಚ್ಚುವರಿ ಸಾಮಗ್ರಿಯನ್ನು ಊರಿನ ಪೋಲೀಸಿಗೆ ಕೊಡುವ ಏರ್ಪಾಡು ಮೊದಲಾಯಿತು. 1996ರ ಕಾನೂನಿನಿಂದ ಅದು ಎಲ್ಲ ಪೋಲೀಸು ಕಾರ್ಯಕ್ಕೂ ಹಬ್ಬಿತು. ಹೀಗೆ ಹರಿದುಬಂದ ವಸ್ತುಗಳ ಮೂಲಬೆಲೆ 700 ಕೋಟಿ ಡಾಲರನ್ನು ಮೀರಿದೆ. ಇರಾಕಿನ ನೆಲಬಾಂಬುಗಳನ್ನು ತಡೆಯಲೆಂದು ಮಾಡಿದ ಭಾರಿ ಕವಚವಾಹನಗಳು ಚಿಕ್ಕ ಚಿಕ್ಕ ಊರುಗಳ ಠಾಣೆಗಳನ್ನು ಸೇರಿದುವು. ಪಡೆದ ವಸ್ತುವನ್ನು ಒಂದು ವರ್ಷದೊಳಗೆ ಉಪಯೋಗಕ್ಕೆ ತರಬೇಕೆಂಬ ನಿಯಮವೂ ಉಂಟು. ಬಹುಕಾಲ ಉಪಾಧ್ಯಾಯನಾಗಿದ್ದ ನನಗೆ ಈ ನಿಯಮವೇ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. ಮೂಲೆಯಲ್ಲಿಟ್ಟ ಬೆತ್ತ ಮೂಲೆಯಲ್ಲಿಯೇ ಇರುತ್ತದೆ. ಕೈಯಲ್ಲಿ ಹಿಡಿದ ಬೆತ್ತ ಬೆನ್ನನ್ನು ಹುಡುಕುತ್ತದೆ. ನ್ಯೂ ಹ್ಯಾಂಪ್‌ಷೈರಿನ ಕೀನ್ ಎಂಬ ಊರಿನ ಪೋಲೀಸಿನವರು ಕೇಂದ್ರದ ಸಹಾಯಧನದಿಂದ ಕವಚವಾಹನವನ್ನು ಕೊಳ್ಳಬಯಸಿ, ಭಯೋತ್ಪಾದಕರು ಎರಗಬಹುದಾದ ಸಂದರ್ಭವಾಗಿ ತಮ್ಮೂರಿನ ಕುಂಬಳಕಾಯಿ ಹಬ್ಬವನ್ನು ಅರ್ಜಿಯಲ್ಲಿ ಸೂಚಿಸಿದ್ದರು. 2012ರಲ್ಲಿ ಇದು ಬಯಲಾಗಿ ಊರವರು ಪ್ರತಿಭಟಿಸಿದರು. ನಮ್ಮ ಗಾದೆಯ ಕುಂಬಳಕಾಯಿ ಕಳ್ಳನಿಗೂ ಇಷ್ಟು ಗೌರವ ದೊರೆತಿರಲಿಲ್ಲ.

ಇಂಥ ಪೋಲೀಸನ್ನು ಕೋವಿಯುಳ್ಳ ಗೃಹಸ್ಥರು ಒಕ್ಕೊರಲಿನಿಂದ ವಿರೋಧಿಸುವರೆಂದು ತಿಳಿದರೆ ತಪ್ಪಾದೀತು. ಅವರಲ್ಲಿ ಅನೇಕರು ಕಾನೂನಿನ ಶಿಸ್ತನ್ನು ಮೆಚ್ಚುವವರು, ಪೋಲೀಸಿನವರ ನೆಂಟರಿಷ್ಟರು, ಎಷ್ಟೋ ಮಂದಿ ಸ್ವತಃ ಪೋಲೀಸಿನವರು. ಟೆಕ್ಸಾಸಿನ ವೇಕೋದಲ್ಲಿ 1993ರಲ್ಲಿ ಕೇಂದ್ರದ ಅಧಿಕಾರಿಗಳು ಕವಚವಾಹನಗಳನ್ನು ನುಗ್ಗಿಸಿದ ಮೇಲೆ, ಕೋವಿಯವರ ಮಹಾಸಂಘವು 1995ರಲ್ಲಿ ಆ ಅಧಿಕಾರಿಗಳನ್ನು ಬೂಟುಗಾಲಿನ ಪುಂಡರೆಂಬರ್ಥದ ಮಾತಿನಿಂದ ನಿಂದಿಸಿ ಪತ್ರ ಕಳುಹಿತು. ಇದರಿಂದ ನೊಂದ ಮಾಜಿ ಅಧ್ಯಕ್ಷ ಹಿರಿಯ ಬುಷ್ ಅವರು ಅದರ ಆಜೀವ ಸದಸ್ಯತ್ವವನ್ನೇ ಬಿಟ್ಟರು. ಆದರೆ 2016ರಲ್ಲಿ ಮಿನ್ನೆಸೋಟದಲ್ಲಿ, ಪರವಾನಗಿಯ ಕೋವಿ ತನ್ನಲ್ಲಿದೆಯೆಂದು ತಾನಾಗಿಯೇ ಹೇಳಿದ ಕರಿಯ ಜನಾಂಗದ ವಾಹನಚಾಲಕನನ್ನು ಪೋಲೀಸಿನವನು ಗುಂಡಿಕ್ಕಿ ಕೊಂದಾಗ, ಅದೇ ಸಂಘವು ಅವನ ಹೆಸರನ್ನೂ ಎತ್ತದೆ ಮೆಲ್ಲನೆ ಮಾತಾಡಿತು. ಸದಸ್ಯರಲ್ಲಿಯೇ ಕೆಲವರು ಇದಕ್ಕೆ ಅಸಮಾಧಾನಪಟ್ಟರು. ಪಟ್ಟದ್ದು ನ್ಯಾಯವೇ ಎಂದು ನನ್ನ ಮತ.

ಇಬ್ಬಗೆಯ ಈ ಮನಸ್ಸಿಗೆ ನಿಜವಾದ ಪರೀಕ್ಷೆ ನಡುರಾತ್ರಿಯಲ್ಲಿ, ಮನೆಯ ಬಾಗಿಲಲ್ಲಿ ನಡೆಯುತ್ತದೆ. ಕೊಲ್ಲಲೆಂದು ಆಯುಧವೆತ್ತಿ ಬರುವವನನ್ನು ನಮ್ಮ ಧರ್ಮಶಾಸ್ತ್ರಗಳು ಆತತಾಯಿಯೆಂದು ಕರೆದು, ಅವನನ್ನು ಎದುರಿಸಿದವನಿಗೆ ದೋಷವಿಲ್ಲವೆಂದು ವಿಧಿಸಿವೆ. ಗೃಹಸ್ಥನಿಗೆ ಮನೆಯೇ ಕೋಟೆಯೆಂಬ ಇಂಗ್ಲೀಷ್ ನ್ಯಾಯವೂ ಅದಕ್ಕೆ ದೂರವಲ್ಲ. ಆದರೆ ಕದ ತಟ್ಟದೆಯೇ ಒಡೆದು ನುಗ್ಗಲು ಅಧಿಕಾರ ಕೊಡುವ ವಾರಂಟುಗಳು ಅಲ್ಲಿವೆ. ಕತ್ತಲಲ್ಲಿ ಬಾಗಿಲು ಮುರಿದು ಬಿದ್ದಾಗ ಹಾಸಿಗೆಯಿಂದೆದ್ದವನು, ಬಂದವರು ಆತತಾಯಿಗಳೋ ರಾಜಪುರುಷರೋ ಎಂದು ತಿಳಿಯುವುದು ಹೇಗೆ? 2020ರ ಮಾರ್ಚ್ 13ರಂದು ಲೂಯಿವಿಲ್ ನಗರದಲ್ಲಿ ಹೀಗೆಯೇ ಬಾಗಿಲು ಮುರಿಯಿತು. ತಾವು ಕೂಗಿ ತಿಳಿಸಿದೆವೆಂದು ಪೋಲೀಸಿನವರು, ಕೇಳಿಸಲಿಲ್ಲವೆಂದು ಒಳಗಿದ್ದವನು. ಕಾನೂನಿನಂತೆ ಕೋವಿಯಿಟ್ಟಿದ್ದ ಅವನು ಒಂದು ಗುಂಡು ಹಾರಿಸಿದನು. ಅಧಿಕಾರಿಯೊಬ್ಬನ ಕಾಲಿಗೆ ತಗಲಿತು. ಮರುನುಡಿಯಾಗಿ 32 ಗುಂಡುಗಳು ಬಂದುವು. ಸತ್ತವಳು ಅವನ ಜೊತೆಯಲ್ಲಿದ್ದ ತರುಣಿ. ಅವನ ಮೇಲೆ ಹೊರಿಸಿದ ಆಪಾದನೆಯನ್ನು ಕಡೆಗೆ ಕೈಬಿಟ್ಟರು. ಆ ನಗರವು ಅಂಥ ವಾರಂಟುಗಳನ್ನು ಅದೇ ವರ್ಷ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಮಿನ್ನಿಯಾಪೊಲಿಸ್ಸಿನಲ್ಲಿ ಕಂಬಳಿ ಹೊದ್ದು ಮಲಗಿದ್ದ 22 ವರ್ಷದ ಯುವಕನು, ಪೋಲೀಸಿನವರು ಒಳಹೊಕ್ಕ ಹತ್ತು ಸೆಕೆಂಡಿನೊಳಗೆ, ಪರವಾನಗಿಯ ಕೋವಿ ಕೈಯಲ್ಲಿರುವಾಗಲೇ ಹತನಾದನು. ವಾರಂಟಿನಲ್ಲಿ ಅವನ ಹೆಸರೇ ಇರಲಿಲ್ಲ. ಈ ಸಲ ಆ ಸಂಸ್ಥಾನದ ಕೋವಿಯವರ ಸಂಘವು ಬಾಯಿಬಿಟ್ಟು ಖಂಡಿಸಿತು.

ಮೇಲಿನವರ ಆಜ್ಞೆಗಳಾದರೋ ಗಾಳಿಗೆ ತಿರುಗುವ ಬಾವುಟದಂತೆ. ಫರ್ಗ್ಯುಸನ್ ಊರಿನ 2014ರ ಗಲಭೆಯಲ್ಲಿ ಪೋಲೀಸಿನ ಕವಚವಾಹನಗಳನ್ನು ಜನರೆಲ್ಲ ನೋಡಿದ ಮೇಲೆ, ಅಧ್ಯಕ್ಷ ಒಬಾಮರು 2015ರಲ್ಲಿ ಸೇನಾಸಾಮಗ್ರಿಯ ದಾನಕ್ಕೆ ಮಿತಿ ಹಾಕಿದರು. ಅಧ್ಯಕ್ಷ ಟ್ರಂಪರು 2017ರಲ್ಲಿ ಅದನ್ನು ತೆಗೆದರು. ಇದಕ್ಕಿಂತ ಮಾಂಟಾನಾ ಸಂಸ್ಥಾನದ ನಡತೆ ನನಗೆ ಹಿಡಿಸಿತು. ಮನೆಮನೆಯಲ್ಲಿ ಬೇಟೆಯ ಕೋವಿಯಿರುವ ಬೆಟ್ಟಸೀಮೆಯದು; ಅದನ್ನು ಪೋಲೀಸಿನ ಶತ್ರುಸೀಮೆಯೆಂದು ಯಾರೂ ಹೇಳಲಾರರು. ಅಲ್ಲಿಯ ಶಾಸನಸಭೆ 2015ರಲ್ಲಿ, ಪೋಲೀಸಿನವರು ಸೇನೆಯ ಉಗ್ರಾಣದಿಂದ ಗ್ರೆನೇಡುಗಳನ್ನೂ ಆಯುಧ ಹೊತ್ತ ಡ್ರೋನುಗಳನ್ನೂ ಯುದ್ಧದ ಕವಚವಾಹನಗಳನ್ನೂ ಪಡೆಯಕೂಡದೆಂದು ಕಾನೂನು ಮಾಡಿತು. ಮಿಕ್ಕ ಸಾಮಗ್ರಿಗೆ ಅರ್ಜಿ ಹಾಕಿದರೆ 14 ದಿನಗಳೊಳಗೆ ಊರವರಿಗೆ ಪ್ರಕಟಣೆಯ ಮೂಲಕ ತಿಳಿಸಬೇಕೆಂದೂ ವಿಧಿಸಿತು.